ಮೂಕಬಾತು: ಹೆಸರಿನ ವಿಚಾರವೂ ಹಿತ್ತಿಲ ಸಾಕಣೆಯ ಕ್ರಮವೂ

ಕನ್ನಡನಾಡಿನ ಹಿತ್ತಿಲುಗಳಲ್ಲಿ ಬಾತು ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಪಕ್ಷಿಗಳು ವಾಸ್ತವವಾಗಿ ಎರಡು ಜಾತಿಯವು. ಒಂದು, ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿಯಾಗಿ ಏಷ್ಯಾ ಯೂರೋಪು ಖಂಡಗಳಲ್ಲಿ ಬಹುಕಾಲದಿಂದ ಸಾಕಲ್ಪಟ್ಟು ಬಂದಿರುವ ಸಾಮಾನ್ಯ ಬಾತು. ಮತ್ತೊಂದು, ಇಂಗ್ಲಿಷಿನವರು ಮಸ್ಕೊವಿ ಎಂದು ಕರೆಯುವ, ಅಮೆರಿಕಾ ಖಂಡದಿಂದ ಬಂದ ಬಾತು. ಎರಡಕ್ಕೂ ಒಂದೇ ಹೆಸರಿರುವುದು ಶಬ್ದಕೋಶಕ್ಕೆ ಮಾತ್ರ ಸೇರಿದ ಸಣ್ಣ ತೊಡಕೆಂದು ತೋರಬಹುದು. ಆದರೆ ಸಾಮಾನ್ಯ ಬಾತಿನ ಮೊಟ್ಟೆ ಮರಿಯಾಗುವುದಕ್ಕೆ 28 ದಿನ ಸಾಕು. ಮಸ್ಕೊವಿ ಬಾತಿನದಕ್ಕೆ 35 ದಿನ ಬೇಕು. ಬಾತಿನ ಮೊಟ್ಟೆಗೆ 28 ದಿನವೆಂದು ಕೇಳಿ ತಿಳಿದವನು ಇನ್ನೆರಡು ದಿನ ಹೆಚ್ಚಾಗಿಯೇ ಕಾದು, ಮೊಟ್ಟೆಗಳು ಕೆಟ್ಟುಹೋದುವೆಂದು ನಿಶ್ಚಯಿಸಿ, ಒಳಗೆ ಜೀವವಿರುವ ಮೊಟ್ಟೆಗಳನ್ನೇ ತಿಪ್ಪೆಗೆ ಹಾಕುತ್ತಾನೆ. ಅತ್ತ ಪಾಠಶಾಲೆಯಲ್ಲಿ, ಹಳೆಯ ಕಾವ್ಯದ ಕಾರಂಡವಕ್ಕೆ ‘ಒಂದು ಬಗೆಯ ಬಾತು’ ಎಂದು ಅರ್ಥ ಕೇಳಿದ ವಿದ್ಯಾರ್ಥಿಯು ನೆರೆಮನೆಯ ಹಿತ್ತಿಲಿನ ಕೆಂಪುಮೊಗದ ಪಕ್ಷಿಯನ್ನೇ ಕವಿಯ ಕೊಳಕ್ಕೆ ಇಳಿಸುತ್ತಾನೆ. ಎರಡು ನಷ್ಟಗಳಿಗೂ ಮೂಲ ಒಂದೇ ಆಗಿರುವುದರಿಂದ, ಹೆಸರನ್ನೂ ಸಾಕಣೆಯನ್ನೂ ಇಲ್ಲಿ ಒಟ್ಟಿಗೆ ವಿಚಾರಮಾಡಲಾಗಿದೆ.

ಮೊದಲು ಪಕ್ಷಿಯ ಸ್ವರೂಪವನ್ನು ಹೇಳಬೇಕು. ಕಣ್ಣಿನ ಸುತ್ತಲೂ ಕೊಕ್ಕಿನ ಬುಡದಲ್ಲಿಯೂ ಗಂಟುಗಂಟಾಗಿ ಬೆಳೆದ ಕೆಂಪು ಚರ್ಮವೇ ಇದರ ಮುಖ್ಯ ಗುರುತು. ಗಂಡಿನಲ್ಲಿ ಇದು ಬಹಳ, ಹೆಣ್ಣಿನಲ್ಲಿ ಅಲ್ಪ. ಮೈಬಣ್ಣ ಕಪ್ಪಾಗಿರಬಹುದು, ಬಿಳಿಯದಾಗಿರಬಹುದು, ಎರಡೂ ಬೆರೆತಿರಬಹುದು. ಗಂಡು ಹೆಣ್ಣಿಗಿಂತ ಹೆಚ್ಚುಕಡಮೆ ಎರಡರಷ್ಟು ತೂಗುತ್ತದೆ. ಸಾಮಾನ್ಯ ಬಾತುಗಳಲ್ಲಿ ಇಷ್ಟು ಅಂತರ ಕಾಣುವುದಿಲ್ಲ. ಸಾಮಾನ್ಯ ಗಂಡುಬಾತಿನ ಬಾಲದಲ್ಲಿ ಮೇಲಕ್ಕೆ ಸುರುಳಿಗೊಂಡ ಗರಿಗಳಿರುತ್ತವೆ, ಇದಕ್ಕೆ ಅವಿಲ್ಲ. ಕಾಲಿನ ಉಗುರುಗಳು ಚೂಪಾಗಿದ್ದು ಕೊಂಬೆಯನ್ನು ಹಿಡಿಯುವುದಕ್ಕೆ ಸಮರ್ಥವಾಗಿವೆ. ಏಕೆಂದರೆ ಇದು ತನ್ನ ತವರಿನಲ್ಲಿ ಕಾಡಿನ ಮರಗಳ ಮೇಲೆ ರಾತ್ರಿ ಕಳೆದು, ಮರದ ಪೊಟರೆಗಳಲ್ಲಿ ಮೊಟ್ಟೆಯಿಡುವ ಪಕ್ಷಿ. ಎಲ್ಲಕ್ಕಿಂತ ವಿಶೇಷವೆಂದರೆ, ಇದು ಕೂಗುವುದಿಲ್ಲ. ಗಂಡು ಬುಸುಗುಟ್ಟುತ್ತದೆ, ಹೆಣ್ಣು ಮೆಲ್ಲಗೆ ಗುನುಗುತ್ತದೆ. ಕ್ವಾಕ್ ಕ್ವಾಕ್ ಎಂಬ ಗದ್ದಲವೆಲ್ಲ ಸಾಮಾನ್ಯ ಬಾತಿನದು.

ಈ ಪಕ್ಷಿಯ ಹೆಸರಿನ ಚರಿತ್ರೆ ವಿಚಿತ್ರವಾದದ್ದು. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ ಹರಡಿರುವ ಇದನ್ನು ಅಲ್ಲಿಯ ಮೂಲನಿವಾಸಿಗಳು ಕೊಲಂಬಸನು ಬರುವುದಕ್ಕೆ ಬಹಳ ಮೊದಲೇ ಸಾಕಿದ್ದರು. ಅದು ಹಡಗುಗಳಲ್ಲಿ ಯೂರೋಪಿಗೆ ಬಂದ ಮೇಲೆ, ಎಲ್ಲಿಂದ ಬಂದಿತೆಂಬುದನ್ನು ಮರೆತು, ಒಂದೊಂದು ದೇಶದವರು ಒಂದೊಂದು ತಪ್ಪು ತವರನ್ನು ಅದಕ್ಕೆ ಕಟ್ಟಿದರು. ಇಂಗ್ಲಿಷರಿಗೆ ಅದು ಮಾಸ್ಕೊ ಸೀಮೆಯದು. ಫ್ರೆಂಚರಿಗೆ ಉತ್ತರ ಆಫ್ರಿಕದ ಬಾರ್ಬರಿ ತೀರದ್ದು. ಶಾಸ್ತ್ರೀಯ ನಾಮದ ಪೂರ್ವಾರ್ಧವಾದ ಕೈರಿನಾ ಎಂಬುದು ಈಜಿಪ್ಟಿನ ಕೈರೋ ನಗರವನ್ನು ಸೂಚಿಸುತ್ತದೆ. ಉತ್ತರಾರ್ಧವಾದ ಮೊಸ್ಕಾಟಾ ಎಂಬುದನ್ನು 1758ರಲ್ಲಿ ಲಿನೇಯಸನು ಕೊಟ್ಟನು. ಅದಕ್ಕೆ ಕಸ್ತೂರಿಯ ವಾಸನೆಯುಳ್ಳದ್ದೆಂದು ಅರ್ಥ. ಇಂಗ್ಲಿಷಿನ ಮಸ್ಕೊವಿ ಎಂಬುದು ಈ ಕಸ್ತೂರಿಯ ಮಸ್ಕ್ ಶಬ್ದವೇ ಕೆಟ್ಟು ಆದದ್ದೆಂದು ಕೆಲವರೂ, ರಷ್ಯದೊಡನೆ ವ್ಯಾಪಾರಮಾಡುತ್ತಿದ್ದ ಮಸ್ಕೊವಿ ಕಂಪೆನಿಯಿಂದ ಬಂದದ್ದೆಂದು ಕೆಲವರೂ ಹೇಳುವರು. ಪೂರ್ವದೇಶಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬಂಗಾಳ ಅಸ್ಸಾಮುಗಳಲ್ಲಿ ಅದು ಚೀನಾದ ಬಾತು. ಇಂಡೊನೇಷ್ಯದಲ್ಲಿ ಮನಿಲಾದ ಬಾತು. ಇಷ್ಟು ಹೆಸರುಗಳಲ್ಲಿ ಅಮೆರಿಕವನ್ನು ನೆನೆದದ್ದು ಒಂದೂ ಇಲ್ಲ.

ಕನ್ನಡದ ಬಾತು ಶಬ್ದವೂ ಹೊರಗಿನಿಂದ ಬಂದದ್ದೇ ಎಂದು ತೋರುತ್ತದೆ. ತೆಲುಗಿನ ಬಾತು, ತಮಿಳಿನ ವಾತ್ತು, ಹಿಂದೂಸ್ತಾನಿಯ ಬತಖ್, ಅರಬ್ಬಿ ಪಾರಸಿಗಳ ಬತ್ ಎಂಬುವನ್ನು ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧವು ಕಿವಿಗೇ ಗೊತ್ತಾಗುವುದು. ಇಂಥ ವಿಶಾಲವಾದ ಶಬ್ದಕ್ಕೆ ಒಂದು ವಿಶೇಷಣವನ್ನು ಸೇರಿಸಿದರೆ ಸಾಕು. ನಮ್ಮ ಜನರ ಪದ್ಧತಿಯಂತೆ ಸೀಮೆಬದನೆ, ಸೀಮೆಹುಣಸೆ ಎಂಬ ಹಾಗೆ ಸೀಮೆಬಾತು ಎನ್ನಬಹುದಾಗಿತ್ತು. ಆ ಎರಡೂ ಅಮೆರಿಕದಿಂದ ಬಂದ ಸಸ್ಯಗಳೇ ಆದ್ದರಿಂದ ಸಾದೃಶ್ಯವೂ ಚೆನ್ನಾಗಿದೆ. ಆದರೆ ಇಂಗ್ಲೆಂಡಿನ ಖಾಕಿ ಕ್ಯಾಂಪ್‌ಬೆಲ್ ಬಾತೂ ಸೀಮೆಯದೇ; ಹೆಸರು ಮತ್ತೆ ಎರಡು ಪಕ್ಷಿಗಳ ನಡುವೆ ತೂಗಾಡುವುದು. ಇಟಲಿಯವರೂ ಸ್ಪ್ಯಾನಿಷ್ ಭಾಷೆಯವರಲ್ಲಿ ಅನೇಕರೂ ಇದನ್ನು ಮೂಕಬಾತು ಎಂಬರ್ಥ ಬರುವಂತೆ ಕರೆಯುತ್ತಾರೆ. ಸಂತೆಯಲ್ಲಿ ನಿಂತವನು ಕಿವಿಗೊಟ್ಟು ಪರೀಕ್ಷಿಸಬಹುದಾದ ಗುಣವನ್ನೇ ಹೆಸರಾಗಿ ಇಡುವುದು ಊಹೆಯ ತವರೊಂದನ್ನು ಕಟ್ಟುವುದಕ್ಕಿಂತ ಮೇಲೆಂದು ನಮ್ಮ ಅಭಿಪ್ರಾಯ. ಆದ್ದರಿಂದ ಮುಂದೆ ಮೂಕಬಾತು ಎಂದೇ ಬರೆಯುತ್ತೇವೆ.

ಇನ್ನು ಸಾಹಿತ್ಯದ ವಿಷಯ. ಅಮರಸಿಂಹನು ಹಂಸ, ಕಾದಂಬ, ಚಕ್ರವಾಕ, ಕಾರಂಡವ ಎಂದು ನೀರುಹಕ್ಕಿಗಳನ್ನು ಬಿಡಿಬಿಡಿಯಾಗಿ ಎಣಿಸಿದ್ದಾನೆ. ಚಕ್ರವಾಕವು ನಮ್ಮ ಜಕ್ಕವಕ್ಕಿ. ಚಳಿಗಾಲದಲ್ಲಿ ಉತ್ತರದಿಂದ ಬರುವ, ಕಾವಿಬಣ್ಣದ ಮೈಯ ಪಕ್ಷಿಯೆಂದು ಅದನ್ನು ನಿಸ್ಸಂದೇಹವಾಗಿ ಗುರುತಿಸಬಹುದು. ಹಂಸದ ತದ್ಭವವಾದ ಅಂಚೆಯ ವಿಷಯ ಅಷ್ಟು ಸುಲಭವಲ್ಲ. ರಾಜಹಂಸವು ಬಿಳಿಯ ಮೈಯೂ ಕೆಂಪು ಕೊಕ್ಕುಕಾಲುಗಳೂ ಉಳ್ಳದ್ದೆಂದು ಅಮರನ ಲಕ್ಷಣ. ಬಿಳಿಯ ಮೂಕಬಾತನ್ನು ದೂರದಿಂದ ಕಂಡವರಿಗೆ ಮೈ ಬಿಳುಪಾಗಿಯೂ ಮುಖದ ಬಳಿ ಕೆಂಪಾಗಿಯೂ ಇರುವುದರಿಂದ ಈ ಲಕ್ಷಣವು ಸರಿಹೊಂದಿತೆಂಬ ಭ್ರಮೆ ಉಂಟಾಗುವುದು ಸಹಜ. ಆದರೆ ಮೂಕಬಾತಿನ ಕೆಂಪು ಕೊಕ್ಕಿನದಲ್ಲ, ಕೊಕ್ಕಿನ ಬುಡದ ಚರ್ಮದ್ದು. ಅದರ ಕಾಲು ಕೆಂಪಲ್ಲ. ಅದೆಲ್ಲ ಹಾಗಿರಲಿ, 1492ಕ್ಕೆ ಮೊದಲು ಬರೆದ ಯಾವ ಗ್ರಂಥದಲ್ಲಿಯೂ, ಕಡೆದ ಯಾವ ಶಿಲ್ಪದಲ್ಲಿಯೂ ಈ ಪಕ್ಷಿಯು ಇರಲು ಸಾಧ್ಯವಿಲ್ಲ. ಪಂಪ ರನ್ನರ ಸರೋವರಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ವಿಜಯನಗರದ ಕಾಲವು ಮಾತ್ರ ಸ್ವಲ್ಪ ಎಚ್ಚರವನ್ನು ಬೇಡುತ್ತದೆ. ಆ ರಾಜಧಾನಿಯ ಕಾಲ 1336ರಿಂದ 1565ರವರೆಗೆ. ಕಡೆಯ ಎಪ್ಪತ್ತು ವರ್ಷಗಳಲ್ಲಿ ಪೋರ್ಚುಗೀಸರ ಹಡಗುಗಳು ಪಶ್ಚಿಮ ತೀರಕ್ಕೆ ಬರುತ್ತಿದ್ದುವು. ಸುಮಾರು 1520ರಲ್ಲಿ ಪಟ್ಟಣವನ್ನು ನೋಡಿದ ಡೊಮಿಂಗೊ ಪೇಯಸನು, ಅಂಗಡಿಗಳಲ್ಲಿ ಜೀವಸಹಿತ ಮಾರುತ್ತಿದ್ದ ಹಕ್ಕಿಗಳನ್ನು ಎಣಿಸುವಾಗ, ಕೆರೆಗಳಲ್ಲಿ ಇರತಕ್ಕ, ಹೆಬ್ಬಾತುಗಳಂತೆ ಕಾಣತಕ್ಕ ಪಕ್ಷಿಗಳನ್ನೂ ಹೇಳಿದ್ದಾನೆ. ಅವನ ಬರಹವನ್ನು 1900ರಲ್ಲಿ ರಾಬರ್ಟ್ ಸೂವೆಲನು ಇಂಗ್ಲಿಷಿಗೆ ತಂದ ಮೇಲೆ ಅದು ನಮ್ಮ ವಿದ್ವಾಂಸರ ಕೈಗೆ ಬಂದಿತು. ಈ ಸಾಲನ್ನು ಹಿಡಿದು ಹಂಪೆಯಲ್ಲಿ ಬಾತುಗಳನ್ನು ಸಾಕುತ್ತಿದ್ದರೆಂದು ಹೇಳಲಾಗದು. ಪೇಯಸನು ಹೇಳಿದ್ದು ಕೆರೆಯ ಹಕ್ಕಿಗಳನ್ನು. ಮತ್ತು ಅವುಗಳನ್ನು ಅವನು ಸೇರಿಸಿರುವುದು ಕವುಜುಗ, ಮೊಲ ಮೊದಲಾದ ಬೇಟೆಯ ಪ್ರಾಣಿಗಳ ಸಾಲಿಗೆ. ಪಟ್ಟೆತಲೆಯ ಹೆಬ್ಬಾತುಗಳು ಇಂದಿಗೂ ಚಳಿಗಾಲದಲ್ಲಿ ಈ ಸೀಮೆಯ ಕೆರೆಗಳಿಗೆ ಬರುತ್ತವೆಂಬುದನ್ನು ನೆನೆದರೆ, ಅವನ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಇದೇ ರೀತಿ ಯಾರಾದರೂ ಕೊಕ್ಕಿನ ಮೇಲೆ ಗುಬುಟುಳ್ಳ ಹಂಸಶಿಲ್ಪವನ್ನು ತೋರಿಸಿ ಮೂಕಬಾತೆಂದರೆ, ಹಿಂದಿಯವರು ನಕ್ತಾ ಎನ್ನುವ ನಮ್ಮ ದೇಶದ ಕಾಡುಬಾತನ್ನು ಮೊದಲು ಜ್ಞಾಪಿಸಿಕೊಳ್ಳಬೇಕು. ಅದರ ಗಂಡಿಗೆ ಕೊಕ್ಕಿನ ಮೇಲೆ ದೊಡ್ಡ ಗುಬುಟು ಇರುವುದು.

ಇಷ್ಟು ಹೇಳಿ ಸಾಕಣೆಗೆ ಬರೋಣ. ನಿದರ್ಶನಕ್ಕಾಗಿ, ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಹಾದಿಯಲ್ಲಿರುವ ಮಲಪನಗುಡಿಯನ್ನು ತೆಗೆದುಕೊಂಡಿದ್ದೇವೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯವನ್ನು ಹಂಪೆಯ ಯಾತ್ರಿಕರಲ್ಲಿ ಕೆಲವರಾದರೂ ನೋಡಿರುವರು. ವಿಜಯನಗರದರಸರು ಕಟ್ಟಿಸಿದ ಕಾಲುವೆಗಳು ಈ ಸೀಮೆಯನ್ನು ಈಗಲೂ ತೋಯಿಸುತ್ತಿವೆ. ರಾಯಕಾಲುವೆ ಬಸವಣ್ಣಕಾಲುವೆಗಳ ಹಳೆಯ ಅಣೆಗಳು 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯದಲ್ಲಿ ಮುಳುಗಿದುವು. ಕಾಲುವೆಗಳು ಜಲಾಶಯದ ನೀರಿನಿಂದ ನಡೆಯುತ್ತಿವೆ. ಗದ್ದೆ, ಕಬ್ಬು, ಬಾಳೆ ಇವು ಸುತ್ತಲೂ ಇರುವುದರಿಂದ ತೌಡು, ನುಚ್ಚು, ಹಸುರು, ಹುಳುಹುಪ್ಪಟೆಗಳಿಗೆ ಕೊರತೆಯಿಲ್ಲ. ಇಂಥ ಊರಿನಲ್ಲಿ ಬಾತಿಗೆ ಕಾಲುವೆಯೇ ಬೇಕೆಂದು ಜನರು ತಿಳಿಯುವುದು ಸ್ವಾಭಾವಿಕ. ಮೂಕಬಾತಿಗೆ ಅದು ಬೇಡ. ಸಾಮಾನ್ಯ ಬಾತಿನಷ್ಟು ನೀರಿನ ಹಂಬಲ ಅದಕ್ಕಿಲ್ಲ. ಕೊಕ್ಕಿನ ಹೊಳ್ಳೆಗಳನ್ನೂ ಕಣ್ಣುಗಳನ್ನೂ ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳವಾದ ಒಂದು ಬಾನಿ, ವಾರಕ್ಕೆ ಕೆಲವು ಸಾರಿ ಮೈ ತೊಳೆಯಲು ಒಂದು ಅಗಲವಾದ ತೊಟ್ಟಿ, ಇಷ್ಟಿದ್ದರೆ ಆಯಿತು. ಕಾಲುವೆಗೆ ಬಿಟ್ಟ ಹಕ್ಕಿ ಮೇಲಿನ ಗದ್ದೆಗೆ ಹೊಡೆದ ಕೀಟನಾಶಕವನ್ನು ಕುಡಿದು ಬರುವ ಅಪಾಯವೂ ಉಂಟು.

ಒಂದು ಗಂಡು, ನಾಲ್ಕೈದು ಹೆಣ್ಣು ಹಿತ್ತಿಲಿಗೆ ಸಾಕಾದ ಹಿಂಡು. ಎರಡು ಗಂಡುಗಳಿದ್ದರೆ ಹೋರಾಡಿ ಒಂದನ್ನೊಂದು ಗಾಯಗೊಳಿಸುತ್ತವೆ. ಹೆಣ್ಣುಗಳು ಚೆನ್ನಾಗಿ ಹಾರುವುದರಿಂದ ಒಂದು ರೆಕ್ಕೆಯ ಉದ್ದಗರಿಗಳನ್ನು ಕತ್ತರಿಸಬೇಕು. ಎರಡು ರೆಕ್ಕೆಗಳನ್ನೂ ಕತ್ತರಿಸಿದರೆ ಸಮತೋಲ ಉಳಿದು ಹಾರುವ ಪ್ರಯತ್ನ ನಿಲ್ಲುವುದಿಲ್ಲ. ಪ್ರತಿ ಗರಿ ಉದುರುವ ಕಾಲವಾದ ಮೇಲೆ ಈ ಕೆಲಸವನ್ನು ಮತ್ತೆ ಮಾಡತಕ್ಕದ್ದು. ರಾತ್ರಿಯ ಮನೆಗೆ ಹಕ್ಕಿಯೊಂದಕ್ಕೆ ನಾಲ್ಕು ಚದರಡಿಯ ನೆಲವೂ, ಒಂದು ಮೊಳದೆತ್ತರದಲ್ಲಿ ಕೂರುವುದಕ್ಕೆ ಅಗಲವಾದ ಮರದ ತುಂಡೂ ಇರಲಿ. ಮುಂಗುಸಿ ನಾಯಿಗಳು ನುಗ್ಗದಂತೆ ಬಾಗಿಲು ಭದ್ರವಾಗಿರಲಿ. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿಗೆ ತಗಡಿನ ಮಾಡು ಸಲ್ಲದು. ಮರದ ನೆರಳೇ ಉತ್ತಮ. ನೆಲಕ್ಕೆ ಒಣಗಿದ ಕಬ್ಬಿನ ರವದಿಯನ್ನೋ ಭತ್ತದ ಹೊಟ್ಟನ್ನೋ ಹರಡಬಹುದು. ಆದರೆ ಅದು ತೇವವಾಗಿ ಬೂಷ್ಟು ಹಿಡಿದರೆ ಮರಿಗಳ ಶ್ವಾಸಕೋಶಕ್ಕೆ ಕೇಡು.

ಬೂಷ್ಟಿನ ಮಾತು ಬಂದುದರಿಂದ ಆಹಾರದ ವಿಷಯದಲ್ಲಿ ಒಂದನ್ನು ಒತ್ತಿ ಹೇಳಬೇಕಾಗಿದೆ. ಬಳ್ಳಾರಿ ಸೀಮೆ ಶೇಂಗಾ ಬೆಳೆಯುವ ಸೀಮೆ. ಶೇಂಗಾ ಹಿಂಡಿಯನ್ನು ದನಗಳಿಗೆ ಹಾಕಿ ಅಭ್ಯಾಸವಾದವರು ಅದನ್ನೇ ಬಾತುಗಳಿಗೂ ಹಾಕುವರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಮರಿಗಳು ಕಾರಣ ತಿಳಿಯದೆ ಸತ್ತುವು. ಪರೀಕ್ಷೆ ಮಾಡಿದಲ್ಲಿ, ಅವುಗಳಿಗೆ ಹಾಕಿದ್ದ ಬ್ರೆಜಿಲಿನ ಶೇಂಗಾ ಹಿಂಡಿಯಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷವೇ ಕಾರಣವೆಂದು ಗೊತ್ತಾಯಿತು. ಬೂಷ್ಟಿನ ಹೆಸರಿನ ಅಕ್ಷರಗಳನ್ನೇ ಕೂಡಿಸಿ ಆ ವಿಷವನ್ನು ಅಫ್ಲಾಟಾಕ್ಸಿನ್ ಎಂದು ಕರೆದರು. ಸಾಕುಪಕ್ಷಿಗಳಲ್ಲಿ ಈ ವಿಷಕ್ಕೆ ಬಾತುಮರಿಯಷ್ಟು ಬೇಗ ತುತ್ತಾಗುವುದು ಬೇರೊಂದಿಲ್ಲ. ಹಿಂಡಿಯಲ್ಲಿ ವಿಷವಿದೆಯೇ ಇಲ್ಲವೇ ಎಂಬುದನ್ನು ಕಂಡುಹಿಡಿಯುವುದಕ್ಕೆ ವಿಜ್ಞಾನಿಗಳು ಬಾತುಮರಿಗಳನ್ನೇ ಉಪಯೋಗಿಸಿದ್ದುಂಟು. ಕೋಳಿ ತಿಂದು ಬದುಕಿದ ಹಿಂಡಿಯನ್ನು ತಿಂದು ಬಾತುಮರಿ ಸಾಯಬಹುದು. ಆದಕಾರಣ ಮಳೆಗಾಲದಲ್ಲಿ ಹಳೆಯ ಹಿಂಡಿಯನ್ನೂ ಮುಗ್ಗಿದ ಮೆಕ್ಕೆಜೋಳವನ್ನೂ ಸರ್ವಥಾ ಹಾಕಕೂಡದು. ತೌಡು, ನುಚ್ಚು, ಹಸುರುಸೊಪ್ಪು, ಅಡಿಗೆಮನೆಯಲ್ಲಿ ಉಳಿದದ್ದು, ಇವುಗಳ ಜೊತೆಗೆ ಹಿತ್ತಿಲಿನ ನೊಣ, ಗೊದ್ದ, ಬಸವನಹುಳುಗಳನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಒಣ ಆಹಾರದ ಪಕ್ಕದಲ್ಲಿ ಯಾವಾಗಲೂ ನೀರಿರಬೇಕು; ಇಲ್ಲವಾದರೆ ಗಂಟಲು ಕಟ್ಟುವುದು. ಮರಿಗಳಿಗೆ ನಿಯಾಸಿನ್ ಎಂಬ ಜೀವಸತ್ವವು ಕೋಳಿಮರಿಗಳಿಗಿಂತ ಹೆಚ್ಚಾಗಿ ಬೇಕು. ಅದು ಸಾಲದಿದ್ದರೆ ಕಾಲುಗಳು ಸೊಟ್ಟಗಾಗುತ್ತವೆ.

ಮೊಟ್ಟೆಯ ಲೆಕ್ಕದಲ್ಲಿ ಮೂಕಬಾತು ಖಾಕಿ ಕ್ಯಾಂಪ್‌ಬೆಲ್ಲಿಗೆ ಸಮನಲ್ಲ. ಅದು ವರ್ಷಕ್ಕೆ 250ಕ್ಕೂ ಹೆಚ್ಚು ಇಡಬಲ್ಲುದು. ಇದು ಹಿತ್ತಿಲಿನಲ್ಲಿ ನೂರನ್ನು ಮುಟ್ಟುವುದು ಅಪರೂಪ. ಮೊಟ್ಟೆಯ ವ್ಯಾಪಾರಕ್ಕಾಗಿ ಸಾಕುವವರು ಇದನ್ನು ತರಬಾರದು. ಆದರೆ ಖಾಕಿ ಕ್ಯಾಂಪ್‌ಬೆಲ್ ಕಾವು ಕೂರುವುದನ್ನು ಬಹುಮಟ್ಟಿಗೆ ಮರೆತುಬಿಟ್ಟಿದೆ. ಮರಿಗಾಗಿ ಯಂತ್ರವನ್ನೋ ಕೋಳಿಯನ್ನೋ ಆಶ್ರಯಿಸಬೇಕು. ಮೂಕಬಾತು ತಾನೇ ಎಂಟರಿಂದ ಹದಿನೈದು ಮೊಟ್ಟೆಗಳನ್ನಿಟ್ಟು, ತಾನೇ ಕೂತು, ತಾನೇ ಮರಿಗಳನ್ನು ಸಾಕುತ್ತದೆ. ಯಂತ್ರವೂ ವಿದ್ಯುತ್ತೂ ಇಲ್ಲದ ಮನೆಗೆ ಇದಕ್ಕಿಂತ ಹೊಂದುವ ಬಾತಿಲ್ಲ. ಇದರ ಮಾಂಸದಲ್ಲಿ ಕೊಬ್ಬು ಕಡಮೆ. ಸದ್ದಿಲ್ಲದಿರುವುದರಿಂದ ಗೋಡೆಗೆ ಗೋಡೆ ಹತ್ತಿದ ಓಣಿಯಲ್ಲಿಯೂ ನೆರೆಯವರ ದೂರು ಬರುವುದಿಲ್ಲ.

ಕಾವಿನ 35 ದಿನಗಳೇ ಈ ಸಾಕಣೆಯ ಜೀವಸ್ಥಾನ. ತಾಯಿಯು ದಿನಕ್ಕೊಂದು ಸಾರಿ ಗೂಡು ಬಿಟ್ಟು ತಿಂದು, ನೀರಿನಲ್ಲಿ ಮಿಂದು, ಒದ್ದೆಯಾದ ಹೊಟ್ಟೆಯಿಂದಲೇ ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಈ ತೇವವು ಮೊಟ್ಟೆಗೆ ಅವಶ್ಯ. ಹೊಸಪೇಟೆಯ ಏಪ್ರಿಲ್ ಮೇ ತಿಂಗಳುಗಳ ಒಣಗಾಳಿಯಲ್ಲಿ ತೊಟ್ಟಿ ಬರಿದಾಗಿದ್ದರೆ, ಮೊಟ್ಟೆಯ ಒಳಪೊರೆ ಗಟ್ಟಿಯಾಗಿ, ಪೂರ್ಣವಾಗಿ ಬೆಳೆದ ಮರಿಯೇ ಚಿಪ್ಪನ್ನೊಡೆಯಲಾರದೆ ಸಾಯುತ್ತದೆ. ಹತ್ತನೆಯ ದಿನದ ರಾತ್ರಿ ಮೊಟ್ಟೆಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದರೆ, ಜೇಡರ ಕಾಲಿನಂತೆ ರಕ್ತನಾಳಗಳು ಹರಡಿದ್ದಲ್ಲಿ ಜೀವವಿದೆಯೆಂದು ತಿಳಿಯಬೇಕು, ನಿರ್ಮಲವಾಗಿದ್ದರೆ ಬಂಜೆ. ಈ ಪರೀಕ್ಷೆಯನ್ನು ಮಾಡಿದವನು 28ನೆಯ ದಿನ ಸಂಶಯಪಡಬೇಕಾಗಿಲ್ಲ. ಗೂಡಿಗೆ ಇದ್ದಲಿನಿಂದ ಕೂತ ದಿನದ ತಾರೀಖನ್ನೂ 35ನೆಯ ದಿನದ ತಾರೀಖನ್ನೂ ಬರೆದಿಡುವುದು ಒಳ್ಳೆಯದು. ಒಂದೆರಡು ದಿನ ಹಿಂದುಮುಂದಾಗುವುದೂ ಉಂಟು. ಕೋಳಿಯ ಹೇಂಟೆಯನ್ನು ಕೂರಿಸುವವರು ಮಾತ್ರ ಬೇರೆ ಕಷ್ಟವನ್ನು ಎದುರಿಸಬೇಕು. ತನ್ನ ಮರಿಗಳಿಗಾದರೆ 21 ದಿನ ಕೂರುವ ಪಕ್ಷಿಯನ್ನು ಇನ್ನೆರಡು ವಾರ ಕೂರಿಸಿದರೆ ಅದು ಸೊರಗುತ್ತದೆ, ಇಲ್ಲವೆ ಎದ್ದುಹೋಗುತ್ತದೆ. ಕಾವಿಗೆ ಬಂದ ಎರಡನೆಯ ಹೇಂಟೆಯೊಂದು ಸಿದ್ಧವಾಗಿದ್ದರೆ ಮಾತ್ರ ಈ ಕ್ರಮವನ್ನು ಹಿಡಿಯಬೇಕು. ಹೇಂಟೆಗೆ ಮೀಯುವ ಅಭ್ಯಾಸವಿಲ್ಲವಾದ್ದರಿಂದ, ಕಡೆಯ ಎರಡು ವಾರ ದಿನವೂ ಉಗುರುಬೆಚ್ಚಗಿನ ನೀರನ್ನು ನಾವೇ ಮೊಟ್ಟೆಗಳಿಗೆ ಚಿಮುಕಿಸತಕ್ಕದ್ದು.

ಮೂಕಬಾತನ್ನೂ ಸಾಮಾನ್ಯ ಬಾತನ್ನೂ ಒಂದೇ ಹಿತ್ತಿಲಿನಲ್ಲಿ ಬಿಟ್ಟರೆ ಅವು ಕೂಡುವುದುಂಟು. ಹುಟ್ಟಿದ ಮರಿಗಳು ಬೇಗ ಬೆಳೆದು ಪುಷ್ಟವಾಗುತ್ತವೆ. ಆದರೆ ಹೇಸರಗತ್ತೆಯಂತೆ ಅವುಗಳಿಗೆ ಸಂತಾನವಿಲ್ಲ. ಬಾತಿಗೂ ಬಾತಿಗೂ ಹುಟ್ಟಿದ್ದು ಬಾತೇ ಎಂದು ನಂಬಿ ಅವುಗಳನ್ನು ಮುಂದಿನ ಸಂತತಿಗಾಗಿ ಉಳಿಸಿಕೊಂಡವನಿಗೆ ಆ ವರ್ಷವೆಲ್ಲ ಬಂಜೆಮೊಟ್ಟೆಯೇ ಗತಿ. ಶಬ್ದಕೋಶವು ಮಾಡದ ವಿಭಾಗವನ್ನು ಪ್ರಕೃತಿಯು ಇಲ್ಲಿ ಮಾಡಿ ತೋರಿಸಿದೆ.

ರೋಗಗಳಲ್ಲಿ ಬಾತುಪ್ಲೇಗು ಅತಿ ಭಯಂಕರವಾದದ್ದು. ಮೂಕಬಾತಿಗೆ ಅದು ಬಹು ಸುಲಭವಾಗಿ ತಗಲುತ್ತದೆ. ಇದಕ್ಕೆ ಲಸಿಕೆಯುಂಟು, ಪಶುವೈದ್ಯರು ಹೇಳಿದ ವಯಸ್ಸಿನಲ್ಲಿ ಹಾಕಿಸಬೇಕು. ಕಾಡಿನ ನೀರುಹಕ್ಕಿಗಳಿಂದಲೂ ಸೋಂಕು ಬರುವುದರಿಂದ, ಮತ್ತು ನಮ್ಮ ಹಕ್ಕಿಗಳಿಂದ ಅವುಗಳಿಗೂ ಹೋಗುವುದರಿಂದ, ಎರಡನ್ನೂ ಬೇರೆಬೇರೆಯಾಗಿಡುವುದು ಮುಖ್ಯ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಬೆಲೆಯುಂಟು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಪಕ್ಷಿಗಳ ಆಶ್ರಯವಾಗಿ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಬೇಡವಾದ ಗಂಡುಬಾತನ್ನು ಕೊಲ್ಲಲು ಮನಸ್ಸಿಲ್ಲದೆ ಇಂಥ ಕೆರೆಗೆ ಬಿಟ್ಟು ಬರುವುದು ದಯೆಯಂತೆ ತೋರಿದರೂ, ಅಲ್ಲಿಯ ಹಕ್ಕಿಗಳಿಗೆ ಅದು ಉಪದ್ರವ. ಹೆಚ್ಚಾದ ಗಂಡುಗಳನ್ನು ಮಾಂಸಕ್ಕೋ ಮಾರಾಟಕ್ಕೋ ಕೊಡುವುದೇ ಸರಿ. ಸಂತೆಯಿಂದ ತಂದ ಹೊಸ ಹಕ್ಕಿಯನ್ನು ಎರಡು ಮೂರು ವಾರ ಪ್ರತ್ಯೇಕವಾದ ಗೂಡಿನಲ್ಲಿಟ್ಟು, ಅದರ ನೀರಿನ ಬಾನಿಯನ್ನೂ ಪ್ರತ್ಯೇಕವಾಗಿಯೇ ಇಟ್ಟು, ಚೆನ್ನಾಗಿ ತಿಂದು ಓಡಾಡುತ್ತಿದೆಯೆಂದು ಕಂಡ ಮೇಲೆ ಹಿಂಡಿಗೆ ಸೇರಿಸತಕ್ಕದ್ದು.